ಒಳಬಾಡಿಗೆಗೆ ಕೊಡುವ ಮುನ್ನ

ಬಾಡಿಗೆ ಮನೆಯನ್ನು ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಟ್ಟ ಮಾತ್ರಕ್ಕೆ ನಿಮ್ಮ ಹೊಣೆ ಕಳಚಿಕೊಳ್ಳುವುದಿಲ್ಲ. ಮಾಲೀಕರ ಕರಾರು ಇರುವುದು ನಿಮ್ಮೊಂದಿಗೆ. ಒಳಬಾಡಿಗೆದಾರರು ಹಣ ಕೊಡದಿದ್ದರೂ, ಬಾಗಿಲು ಮುರಿದರೂ ಮಾಲೀಕರು ಕೇಳುವುದು ನಿಮ್ಮನ್ನೇ.

ಮೊದಲು ಕರಾರು ಪತ್ರದಲ್ಲಿ ಒಳಬಾಡಿಗೆಯ ಷರತ್ತು ಹುಡುಕಿ. ಮಾಲೀಕರ ಒಪ್ಪಿಗೆ ಬರಹದಲ್ಲೇ ಇರಲಿ. ಫೋನಿನಲ್ಲಿ ‘ಆಯ್ತು ಬಿಡಿ’ ಅಂದದ್ದು ಜಗಳದ ದಿನ ಯಾರಿಗೂ ನೆನಪಿರುವುದಿಲ್ಲ. ಒಪ್ಪಿಗೆಯಿಲ್ಲದೆ ಕೊಟ್ಟರೆ, ಹಲವು ಕಡೆ ಅದೊಂದೇ ಕಾರಣಕ್ಕೆ ನಿಮ್ಮನ್ನೂ ಖಾಲಿ ಮಾಡಿಸಬಹುದು.

ಒಳಬಾಡಿಗೆಯ ಅವಧಿ ನಿಮ್ಮ ಕರಾರಿಗಿಂತ ಕೆಲವು ದಿನ ಮೊದಲೇ ಮುಗಿಯಲಿ. ನಿಮಗೇ ಇಲ್ಲದ ಹಕ್ಕನ್ನು ಇನ್ನೊಬ್ಬರಿಗೆ ಕೊಡಲಾಗದು. ಬಾಡಿಗೆ, ಮುಂಗಡ, ನೋಟಿಸ್ ಅವಧಿ, ದುರಸ್ತಿ ಖರ್ಚು ಎಲ್ಲ ಬರೆದು ಇಬ್ಬರೂ ಸಹಿ ಹಾಕಿ. ಕೀಲಿ ಕೊಡುವಾಗ ಮೀಟರ್ ರೀಡಿಂಗ್ ಗುರುತು ಹಾಕಿಕೊಂಡು, ಗೋಡೆ, ನಲ್ಲಿಗಳ ಫೋಟೊ ತೆಗೆದಿಡಿ.