ಸೋಲ್ಡರಿಂಗ್ ಐರನ್ ಆಮೇಲೆ, ಮೊದಲು ಸದ್ದು ಕೇಳಿ

ಗಿಟಾರ್ ಪೆಡಲ್ (ಗಿಟಾರಿನ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ರಿಪೇರಿ ನನ್ನ ಕೆಲಸ. ಮನೆಯಲ್ಲೇ ಕಟ್ಟಿದ ಪೆಡಲ್‌ಗಳು ನನ್ನ ಬೆಂಚಿಗೆ ಜಾಸ್ತಿ ಬರುತ್ತವೆ. ಅವುಗಳ ಜೊತೆ ಬರುವ ದೂರು ಬಹುತೇಕ ಒಂದೇ: "ಏನೋ ಸದ್ದು ಬರ್ತಿದೆ, ಏನು ಬದಲಾಯಿಸಿದರೂ ಹೋಗ್ತಿಲ್ಲ." ಎಂಥ ಸದ್ದು ಅಂತ ಕೇಳಿದರೆ ಹೆಚ್ಚಿನವರು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಐಸಿ ಬದಲಾಗಿರುತ್ತದೆ, ಕೆಪಾಸಿಟರ್ ಬದಲಾಗಿರುತ್ತದೆ, ಆದರೆ ಸದ್ದನ್ನು ಕೂತು ಕೇಳಿರುವುದಿಲ್ಲ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ. ಸದ್ದು ತಾನು ಎಲ್ಲಿಂದ ಬಂದೆ ಅನ್ನುವುದನ್ನು ಮುಕ್ಕಾಲು ಪಾಲು ತಾನೇ ಹೇಳುತ್ತದೆ.

ಗುಂಯ್ ಅನ್ನುವ ತಗ್ಗಿನ ಸದ್ದು ಬಂದರೆ ಅದರ ಮೂಲ ಮನೆಯ ಕರೆಂಟು. ಅದರಲ್ಲೂ ಎರಡು ಬಗೆ ಇದೆ. ದುಂಡಗಿನ 50 ಹರ್ಟ್ಜ್ ಸದ್ದಾದರೆ ಪಿಕಪ್ (ತಂತಿಯ ಕಂಪನ ಹಿಡಿಯುವ ಕಾಯಿಲ್), ವೈರ್ ಅಥವಾ ಗ್ರೌಂಡ್ ಲೂಪ್ (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆಗುವ ಸುತ್ತು) ಮೂಲಕ ಒಳಗೆ ಬಂದಿರುತ್ತದೆ. 100 ಹರ್ಟ್ಜ್‌ನ ಸ್ವಲ್ಪ ಒರಟು ಸದ್ದಾದರೆ ಅಡಾಪ್ಟರ್‌ನ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ದಾಟಿ ಬಂದ ರಿಪಲ್, ಅಂದರೆ ಉಳಿದುಕೊಂಡ ಏರಿಳಿತ, ಅಂತ ಮೊದಲು ಅನುಮಾನಿಸಬೇಕು. ಎರಡನ್ನೂ ಗುರುತಿಸಲು ಯಂತ್ರವೇನೂ ಬೇಡ, ಕೈಯಲ್ಲಿ ಗಿಟಾರ್ ಇದೆ ಅಲ್ವಾ? ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ. ಅದು 98 ಹರ್ಟ್ಜ್. ನಿಮ್ಮ ಗುಂಯ್ ಅದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ 100, ಒಂದು ಆಕ್ಟೇವ್ ಕೆಳಗಿದ್ದರೆ 50. ಕರೆಂಟು 60 ಹರ್ಟ್ಜ್ ಇರುವ ದೇಶಗಳಲ್ಲಿ ಐದನೇ ತಂತಿಯ ಎರಡನೇ ಫ್ರೆಟ್ ಹತ್ತಿರ ಬರುತ್ತದೆ. ಅಲ್ಲಿ ರಿಪಲ್ 120, ಈ ಸ್ವರಕ್ಕಿಂತ ಸ್ವಲ್ಪ ಕೆಳಗೆ.

ಆಮೇಲೆ ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಿ. ಸದ್ದು ನಿಂತರೆ ಪೆಡಲ್ ಬಿಚ್ಚುವ ಅಗತ್ಯವೇ ಇಲ್ಲ, ಸಿಂಗಲ್ ಕಾಯಿಲ್ ಪಿಕಪ್ ಹಿಡಿದ ಗುಂಯ್ ಅನ್ನು ಪೆಡಲ್ ದೊಡ್ಡದು ಮಾಡಿ ತೋರಿಸುತ್ತಿದೆ ಅಷ್ಟೆ. ನಿಲ್ಲದಿದ್ದರೆ ಅಡಾಪ್ಟರ್ ತೆಗೆದು 9 ವೋಲ್ಟ್ ಬ್ಯಾಟರಿ ಹಾಕಿ. ಬ್ಯಾಟರಿಯಲ್ಲಿ ಶಾಂತವಾದರೆ ಪವರ್ ಬರುವ ದಾರಿಯಲ್ಲಿ ಒಂದು 100 ಓಮ್ ರೆಸಿಸ್ಟರ್, ಅದರ ನಂತರ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿ. ಇವೆರಡೂ ಸೇರಿ ಸುಮಾರು 16 ಹರ್ಟ್ಜ್‌ನಿಂದ ಮೇಲಿನದ್ದನ್ನು ತಗ್ಗಿಸುತ್ತವೆ. 100 ಹರ್ಟ್ಜ್ ರಿಪಲ್ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೆಲವೇ ಮಿಲಿಆಂಪ್ ಎಳೆಯುವ ಸರ್ಕ್ಯೂಟ್‌ಗೆ ಆ 100 ಓಮ್‌ನಿಂದ ಆಗುವ ವೋಲ್ಟೇಜ್ ನಷ್ಟ ಲೆಕ್ಕಕ್ಕೇ ಇಲ್ಲ.

ಆದರೆ ಬ್ಯಾಟರಿ ಪರೀಕ್ಷೆಗೆ ಒಂದು ಮಿತಿ ಇದೆ. ಅದನ್ನು ನನಗೆ ಚೆನ್ನಾಗಿ ಮನದಟ್ಟು ಮಾಡಿದ್ದು ಒಂದು ಡಿಸ್ಟಾರ್ಶನ್ ಪೆಡಲ್. ಕಟ್ಟಿದವರು ತುಂಬಾ ಶ್ರದ್ಧೆಯ ಮನುಷ್ಯ. ಬೆಸುಗೆ ಅಚ್ಚುಕಟ್ಟಾಗಿತ್ತು, ಬಾಕ್ಸ್ ಅಲ್ಯೂಮಿನಿಯಂ, ಇನ್‌ಪುಟ್ ವೈರ್ ಶೀಲ್ಡೆಡ್. ಆದರೂ ಸಣ್ಣಗೆ, ಎಳೆ ಹಿಡಿದಂತೆ ಒಂದು ಸಿಳ್ಳೆ. ಬ್ಯಾಟರಿ ಹಾಕಿದರೂ ಇತ್ತು, ಹಾಗಾಗಿ ಪವರ್ ಸರಿಯಿದೆ ಅಂದುಕೊಂಡು ಅವರು ಆಪ್‌ಆಂಪ್‌ಗಳನ್ನೆಲ್ಲ (ಸಿಗ್ನಲ್ ದೊಡ್ಡದು ಮಾಡುವ ಐಸಿಗಳು) ಬದಲಾಯಿಸಿದ್ದರು. ಬ್ಯಾಟರಿ ಹೊರಗಿನ ಅಡಾಪ್ಟರನ್ನು ಮಾತ್ರ ಪಕ್ಕಕ್ಕಿಡುತ್ತದೆ. ಬಾಕ್ಸಿನ ಒಳಗೇ ಹುಟ್ಟುವ ಸದ್ದಿಗೆ ಅದೇನೂ ಮಾಡಲಾರದು. ಈ ಪೆಡಲ್‌ನಲ್ಲಿ 9 ವೋಲ್ಟನ್ನು 18 ಮಾಡಲು ಒಂದು ಚಾರ್ಜ್ ಪಂಪ್ ಐಸಿ ಇತ್ತು, 7660ಎಸ್.

ಇಂಥ ಕಡೆ ನಾನು ನಂಬುವ ಸಾಧನ ಆಡಿಯೋ ಪ್ರೋಬ್. ಒಂದು ಗಿಟಾರ್ ಕೇಬಲ್, ಅದರ ಒಳತಂತಿಯ ತುದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಇನ್ನೊಂದು ತುದಿ ಆಂಪ್‌ಗೆ, ಕೇಬಲ್ಲಿನ ಶೀಲ್ಡ್ ಪೆಡಲ್‌ನ ಗ್ರೌಂಡಿಗೆ. ಕೆಪಾಸಿಟರ್ ಡಿಸಿಯನ್ನು ತಡೆಯುತ್ತದೆ, ಆದ್ದರಿಂದ ಸರ್ಕ್ಯೂಟ್‌ನ ಯಾವ ಬಿಂದುವನ್ನು ಬೇಕಾದರೂ ಮುಟ್ಟಿ ಕೇಳಬಹುದು. ಆಂಪ್ ವಾಲ್ಯೂಮ್ ಮಾತ್ರ ತೀರಾ ಕಡಿಮೆ ಇರಲಿ. ಹೆಚ್ಚಿನವರು ಇದನ್ನು ಸಿಗ್ನಲ್ ಎಲ್ಲಿ ಸತ್ತಿದೆ ಅಂತ ಹುಡುಕಲು ಬಳಸುತ್ತಾರೆ. ಗದ್ದಲ ಎಲ್ಲಿ ಹುಟ್ಟಿದೆ ಅಂತ ಹುಡುಕಲು ಇನ್ನೂ ಚೆನ್ನ. ಇನ್‌ಪುಟ್ ಅನ್ನು ಗ್ರೌಂಡ್ ಮಾಡಿ, ಒಂದೊಂದೇ ಹಂತ ಕೇಳುತ್ತಾ ಬಂದೆ. ಮೊದಲ ಹಂತದಲ್ಲೇ ಸಿಳ್ಳೆ ಇತ್ತು. ಪವರ್ ಲೈನ್ ಮುಟ್ಟಿದಾಗ ಅಲ್ಲಿ ಇನ್ನೂ ಜೋರು. ಅಲ್ಲಿಗೆ ಗೊತ್ತಾಯಿತು.

7660ಎಸ್ ಸುಮ್ನೆ ಬಿಟ್ಟರೆ ಅದರ ಆಸಿಲೇಟರ್ ಸುಮಾರು 10 ಕಿಲೋಹರ್ಟ್ಜ್‌ನಲ್ಲಿ ಓಡುತ್ತದೆ. ಅದು ಕಿವಿಗೆ ಕೇಳುವ ಪಟ್ಟಿಯೊಳಗೇ ಇದೆ. 1ನೇ ಪಿನ್ನನ್ನು 8ನೇ ಪಿನ್ನಿಗೆ ಸೇರಿಸಿದರೆ ಅದು 35 ಕಿಲೋಹರ್ಟ್ಜ್ ಆಸುಪಾಸಿಗೆ ಏರುತ್ತದೆ. ಒಂದು ಚೂರು ವೈರ್ ಹಾಕಿದ ಮೇಲೆ ಸಿಳ್ಳೆ ಹೋಯಿತು. ಇಲ್ಲೊಂದು ಎಚ್ಚರಿಕೆ: ಈ ಸೌಲಭ್ಯ 7660ಎಸ್, ಮ್ಯಾಕ್ಸ್1044, ಟಿಸಿ1044ಎಸ್‌ನಂಥವುಗಳಲ್ಲಿ ಇದೆ. ಕೊನೆಗೆ 'ಎಸ್' ಇಲ್ಲದ ಹಳೆಯ ಐಸಿಎಲ್7660ರಲ್ಲಿ 1ನೇ ಪಿನ್ ಎಲ್ಲಿಗೂ ಜೋಡಿಸಿಲ್ಲ. ಅಲ್ಲಿ ವೈರ್ ಹಾಕಿ ಪ್ರಯೋಜನವಿಲ್ಲ.

ಉಸ್ಸ್ ಅನ್ನುವ ಸದ್ದಿನ ಕಥೆ ಬೇರೆ. ಅದು ಹೊರಗಿನಿಂದ ಬಂದದ್ದಲ್ಲ. ರೆಸಿಸ್ಟರ್‌ಗಳ ಒಳಗೆ ಎಲೆಕ್ಟ್ರಾನುಗಳು ಶಾಖಕ್ಕೆ ಅಲ್ಲಾಡುವ ಸದ್ದು. 1928ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ಸನ್ ಅಳತೆ ಮಾಡಿ, ನೈಕ್ವಿಸ್ಟ್ ಲೆಕ್ಕ ಹಾಕಿ ಬರೆದದ್ದು ಇದರ ಬಗ್ಗೆಯೇ. ಇದನ್ನು ಸೊನ್ನೆ ಮಾಡಲಾಗದು, ತಗ್ಗಿಸಬಹುದು. ಐಸಿಗಳೂ ಇದಕ್ಕೆ ತಮ್ಮ ಗದ್ದಲ ಸೇರಿಸುತ್ತವೆ, ಹಾಗಾಗಿ "ಕಡಿಮೆ ಗದ್ದಲದ ಐಸಿ ಹಾಕಿ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದನ್ನು ಕಣ್ಣುಮುಚ್ಚಿ ಪಾಲಿಸುವುದಕ್ಕೆ ನನ್ನ ವಿರೋಧವಿದೆ, ಕಾರಣ ಹೇಳುತ್ತೇನೆ. ಟಿಎಲ್072 ಅನ್ನುವ ಆಪ್‌ಆಂಪ್‌ನ ಹಳೆಯ ಡೇಟಾಶೀಟ್‌ನಲ್ಲಿ ಅದರ ವೋಲ್ಟೇಜ್ ಗದ್ದಲ 18 ನ್ಯಾನೋವೋಲ್ಟ್, ಎನ್ಇ5532ರದ್ದು 5 (ಎರಡೂ ಪ್ರತಿ ರೂಟ್ ಹರ್ಟ್ಜ್‌ಗೆ). ಓದಿದರೆ 5532 ಗೆದ್ದಂತೆ ಕಾಣುತ್ತದೆ. ಆದರೆ ಅದಕ್ಕೆ 0.7 ಪಿಕೋಆಂಪ್‌ನಷ್ಟು ಕರೆಂಟ್ ಗದ್ದಲವೂ ಇದೆ. ಗಿಟಾರ್ ವಾಲ್ಯೂಮ್ ಸ್ವಲ್ಪ ಇಳಿಸಿದಾಗ ಪೆಡಲ್‌ಗೆ ಕಾಣುವ ರೆಸಿಸ್ಟೆನ್ಸ್ 100 ಕಿಲೋಓಮ್ ದಾಟಬಹುದು. ಅದರ ಮೇಲೆ ಆ ಕರೆಂಟ್ ಹರಿದರೆ 70 ನ್ಯಾನೋವೋಲ್ಟ್. ಅಂದರೆ ಮೊದಲ ಹಂತದಲ್ಲಿ ಟಿಎಲ್072ರಂಥ ಜೆಫೆಟ್ (ಕರೆಂಟ್ ಗದ್ದಲ ಇಲ್ಲವೆನ್ನುವಷ್ಟು ಕಡಿಮೆ ಇರುವ ಟ್ರಾನ್ಸಿಸ್ಟರ್) ಇನ್‌ಪುಟ್ ಇರುವುದೇ ಒಳ್ಳೆಯದು. 5532ಕ್ಕೆ ಮುಂದಿನ ಹಂತಗಳಲ್ಲಿ, ರೆಸಿಸ್ಟರ್‌ಗಳು ಚಿಕ್ಕವಿರುವ ಕಡೆ ಜಾಗವಿದೆ.

ಸಿಗ್ನಲ್ ದಾರಿಯಲ್ಲಿ ಸರಣಿಯಾಗಿ ಕೂತ ದೊಡ್ಡ ರೆಸಿಸ್ಟರ್‌ಗಳನ್ನೂ ನೋಡಿ. 100 ಕಿಲೋಓಮ್ ಒಂದೇ 40 ನ್ಯಾನೋವೋಲ್ಟ್ ಸದ್ದು ಮಾಡುತ್ತದೆ. ಅದರ ಮುಂದೆ ಯಾವ ದುಬಾರಿ ಐಸಿ ಹಾಕಿದರೂ ಏನೂ ಬದಲಾಗುವುದಿಲ್ಲ. ಇನ್‌ಪುಟ್‌ನಿಂದ ಬಯಸ್‌ಗೆ (ಪವರ್‌ನ ಅರ್ಧ ವೋಲ್ಟೇಜ್ ಇರುವ ಬಿಂದು) ಹೋಗುವ 1 ಮೆಗಾಓಮ್ ಬಗ್ಗೆ ಮಾತ್ರ ಹೆದರಬೇಡಿ, ಗಿಟಾರ್ ಜೋಡಿಸಿದಾಗ ಅದು ಪಿಕಪ್‌ಗೆ ಸಮಾನಾಂತರವಾಗುತ್ತದೆ, ಅದರ ಸದ್ದೂ ಅಡಗುತ್ತದೆ.

ಬಯಸ್ ಅಂದಾಗ ನೆನಪಾಯಿತು. 9 ವೋಲ್ಟನ್ನು ಎರಡು 10 ಕಿಲೋಓಮ್‌ಗಳಿಂದ ಅರ್ಧ ಮಾಡಿ 4.5 ವೋಲ್ಟ್ ತೆಗೆಯುತ್ತೇವಲ್ಲ, ಆ ಬಿಂದುವಿನಿಂದ ಗ್ರೌಂಡಿಗೆ ಕೆಪಾಸಿಟರ್ ಇದೆಯೇ ನೋಡಿ. ಇಲ್ಲದಿದ್ದರೆ ಪವರ್ ಲೈನಿನ ಗದ್ದಲದ ಅರ್ಧ ನೇರವಾಗಿ ಇನ್‌ಪುಟ್ಟಿಗೇ ಬರುತ್ತದೆ. 47 ಮೈಕ್ರೋಫ್ಯಾರಡ್ ಸಾಕು.

ಗೇನ್ ಪೂರ್ತಿ ಏರಿಸಿದಾಗ ಮಾತ್ರ ಕಿರುಚಿದರೆ ಅದು ಆಸಿಲೇಶನ್, ಅಂದರೆ ಔಟ್‌ಪುಟ್ ತಿರುಗಿ ಇನ್‌ಪುಟ್ಟಿಗೇ ಸೇರುತ್ತಿದೆ. ಔಟ್‌ಪುಟ್ ವೈರ್ ಇನ್‌ಪುಟ್ ವೈರಿನ ಪಕ್ಕದಲ್ಲೇ ಹೋಗಿರುತ್ತದೆ. ಒಣಗಿದ ಮರದ ಕಡ್ಡಿಯಿಂದ ಎರಡನ್ನೂ ದೂರ ಸರಿಸಿ ನೋಡಿ, ಸ್ವರ ಬದಲಾದರೆ ಕಾರಣ ಸಿಕ್ಕಿತು. ಅದೇ ಕಡ್ಡಿಯಿಂದ ಬೋರ್ಡ್ ತಟ್ಟಿದಾಗ ಚರಚರ ಅಂದರೆ ಬೆಸುಗೆ ಸರಿಯಾಗಿ ಕೂತಿಲ್ಲ. ರೇಡಿಯೋ ಕೇಳಿಸಿದರೆ ಇನ್‌ಪುಟ್ಟಿನಿಂದ ಗ್ರೌಂಡಿಗೆ 100 ಪಿಕೋಫ್ಯಾರಡ್. ಜೊತೆಗೆ ಜಾಕ್ ಕೂತ ಕಡೆ ಬಾಕ್ಸಿನ ಒಳಗಿನ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿದೆಯೇ ಅಂತ ಮೀಟರ್‌ನಲ್ಲಿ ನೋಡಿ. ಬಣ್ಣ ಅಡ್ಡ ಬಂದರೆ ಅಷ್ಟು ಚೆಂದದ ಬಾಕ್ಸ್ ಶೀಲ್ಡ್ ಆಗಿ ಕೆಲಸವೇ ಮಾಡುವುದಿಲ್ಲ.

ಟ್ರೆಮೊಲೊ, ಫೇಸರ್ ಬಗೆಯ ಪೆಡಲ್‌ಗಳಲ್ಲಿ ವೇಗದ ನಾಬ್ ಜೊತೆಗೇ ಓಡುವ ಟಿಕ್ ಟಿಕ್ ಬಂದರೆ ಎಲ್ಎಫ್ಒ (ಸದ್ದನ್ನು ನಿಧಾನವಾಗಿ ಏರಿಳಿಸುವ ಆಸಿಲೇಟರ್) ನೋಡಿ. ಅದರ ಸ್ಕ್ವೇರ್ ವೇವ್ ಪ್ರತಿ ಬಾರಿ ಹೊರಳುವಾಗಲೂ ಪವರ್ ಲೈನಿನಿಂದ ಒಂದು ಗುಟುಕು ಕರೆಂಟ್ ಎಳೆಯುತ್ತದೆ, ಅದು ಆಡಿಯೋ ಹಂತಕ್ಕೆ ಕೇಳುತ್ತದೆ. ಅಲ್ಲಿ ಟಿಎಲ್072 ತೆಗೆದು ಕಡಿಮೆ ಕರೆಂಟ್ ಎಳೆಯುವ ಟಿಎಲ್062 ಹಾಕಿ. ಪಿನ್‌ಗಳು ಒಂದೇ, ಸಾಕೆಟ್ ಇದ್ದರೆ ಬೆಸುಗೆಯೂ ಬೇಡ. ಆಮೇಲೂ ಉಳಿದರೆ ಎಲ್ಎಫ್ಒಗೆ ಪವರ್ ಹೋಗುವ ದಾರಿಯಲ್ಲಿ ಪ್ರತ್ಯೇಕ 100 ಓಮ್ ಮತ್ತು 100 ಮೈಕ್ರೋಫ್ಯಾರಡ್ ಹಾಕಿ, ಅದರ ಗ್ರೌಂಡ್ ವೈರನ್ನು ಆಡಿಯೋ ಗ್ರೌಂಡಿಗೆ ಸೇರಿಸದೆ ನೇರವಾಗಿ ಪವರ್ ಜಾಕಿಗೆ ಒಯ್ಯಿರಿ.