ಒಂಬತ್ತರ ಅಂಚು ಮುಂದೆ

ನಮ್ಮ ಕಾಲದಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಮು ಕೊಡುತ್ತಿದ್ದದ್ದು ತೂತು ಹೊಡೆದ ಕಾಗದದ ಕಾರ್ಡುಗಳಲ್ಲಿ. ಆ ಕಾರ್ಡಿನ ಕಟ್ಟನ್ನು ಅವನ್ನು ಓದುವ ರೀಡರ್ ಯಂತ್ರಕ್ಕೆ ಇಡುವ ಮುಂಚೆ ಮೂರು ಕೆಲಸ ಆಗಲೇಬೇಕು ಅನ್ನುವುದು ನಮ್ಮ ನ್ಯೂಮರಿಕಲ್ ಮೆಥಡ್ಸ್ ಮೇಷ್ಟ್ರ ಹಟ. ಇಸ್ಪೀಟಿನ ಹಾಗೆ ಒಂದು ಅಂಚು ಹಿಡಿದು ಫರ್ರನೆ ಬಿಟ್ಟು ಗಾಳಿಯಾಡಿಸಬೇಕು. ಕಟ್ಟು ತಿರುಗಿಸಿ ಇನ್ನೊಂದು ಅಂಚಿಗೂ ಅದೇ ಉಪಚಾರ. ಆಮೇಲೆ ಮೇಜಿಗೆ ಕುಟ್ಟಿ ನಾಲ್ಕೂ ಬದಿ ಸಮ ಮಾಡಬೇಕು. ಮೊನ್ನೆ ನಮ್ಮ ಬ್ಯಾಚಿನ ಐವತ್ತನೇ ವರ್ಷದ ನೆಪದಲ್ಲಿ ಅಮೆರಿಕದಲ್ಲಿರುವವರೆಲ್ಲ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಸೇರಿ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿಗೆ ಹೋದೆವು. ಅಲ್ಲಿ ಎಂಬತ್ತು ದಾಟಿದ ನಿವೃತ್ತ ಎಂಜಿನಿಯರೊಬ್ಬರು ಅದೇ ಮೂರನ್ನು ಅದೇ ಕ್ರಮದಲ್ಲಿ ಮಾಡಿದರು. ಮೇಷ್ಟ್ರು ತೀರಿಕೊಂಡು ಆಗ ಮೂರು ತಿಂಗಳು.

ಅವರು ಓಡಿಸಿ ತೋರಿಸಿದ್ದು ಐಬಿಎಂ 1401 ಎಂಬ ಹಳೆಯ ಕಂಪ್ಯೂಟರು. ಮ್ಯೂಸಿಯಮ್ಮಿನ ಬಾಗಿಲ ನಂಬರೂ 1401 ಎಂಬುದು ಬರೀ ಕಾಕತಾಳೀಯವಂತೆ. 1959ರ ಅಕ್ಟೋಬರಿನಲ್ಲಿ ಹೊರಬಂದ ಈ ಮೆಷೀನು ಹತ್ತು ಸಾವಿರಕ್ಕೂ ಹೆಚ್ಚು ತಯಾರಾಯಿತು. ಇಲ್ಲಿ ಎರಡಿವೆ, ಒಂದು ಜರ್ಮನಿಯದು, ಒಂದು ಕನೆಕ್ಟಿಕಟ್‌ನದು. ಜರ್ಮನಿಯದಕ್ಕೆ 50 ಹರ್ಟ್ಸ್ ಕರೆಂಟು ಬೇಕು. ಅಮೆರಿಕದ 60 ಹರ್ಟ್ಸ್ ನೇರ ಕೊಟ್ಟರೆ ಮೋಟಾರುಗಳು ಐದನೇ ಒಂದು ಪಾಲು ಜೋರಾಗಿ ತಿರುಗಿ ಕಾರ್ಡಿನ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಕನ್ವರ್ಟರ್. ಇಂಥ ಹಳೆಯ ಮೆಷೀನಿಗೆ ಒಮ್ಮೆಲೇ ಸ್ವಿಚ್ ಹಾಕುವಂತಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿಗೆ ವೋಲ್ಟೇಜನ್ನು ಹನಿಹನಿಯಾಗಿ ಏರಿಸುತ್ತ ಹೋಗಬೇಕು, ಇಲ್ಲವಾದರೆ ಒಳಗಿನ ಆಕ್ಸೈಡ್ ಪದರ ಕಟ್ಟಿಕೊಳ್ಳುವ ಮುನ್ನವೇ ಅವು ಸುಟ್ಟುಹೋಗುತ್ತವೆ. ರಬ್ಬರ್ ರೋಲರ್‌ಗಳು ಹಲಸಿನ ಮೇಣದಂತಾಗಿರುತ್ತವೆ. ಜರ್ಮೇನಿಯಂ ಟ್ರಾನ್ಸಿಸ್ಟರಿನ ಕಾಲುಗಳಿಗೆ ತುಕ್ಕು. ಎಲ್ಲ ಒಂದೊಂದಾಗಿ ಬದಲಾಗಬೇಕು.

ಇನ್ನು ಕಾರ್ಡು. ರೀಡರಿಗೆ ಮುಖ ಕೆಳಗೆ, ಕಾರ್ಡಿನ ಕಟ್ಟಕಡೆಯ ಸಾಲಾದ ಒಂಬತ್ತರ ಅಂಚು ಮುಂದೆ. ಕಟ್ಟಿನ ತಳದ ಕಾರ್ಡನ್ನು ಸಣ್ಣ ಚಾಕುವಿನಂಥ ಅಂಚೊಂದು ನೂಕುತ್ತದೆ. ಕಾರ್ಡಿನ ದಪ್ಪ ಇಂಚಿನ ಸಾವಿರದಲ್ಲಿ ಏಳು ಪಾಲು. ಚಾಕು ಚಾಚಿಕೊಂಡಿರುವುದು ಅದಕ್ಕಿಂತ ಕಡಿಮೆ, ಮುಂದಿನ ಸಂದಿ ಒಂದು ಕಾರ್ಡಿಗೆ ಸಾಕು, ಎರಡಕ್ಕೆ ಸಾಲದು. ನಿಮಿಷಕ್ಕೆ 800 ಕಾರ್ಡು, ಅಂದರೆ ಒಂದಕ್ಕೆ 75 ಮಿಲಿಸೆಕೆಂಡು. ಎರಡು ಅಂಟಿಕೊಂಡಿದ್ದರೆ, ತೇವಕ್ಕೆ ಒಂದು ಉಬ್ಬಿದ್ದರೆ, ಅಲ್ಲೇ ಕಚ್ಚಿಕೊಳ್ಳುತ್ತದೆ. ಗಾಳಿಯಾಡಿಸುವುದು ಇದಕ್ಕೆ. ಬೆಂಗಳೂರಿನ ಜುಲೈ ಮಳೆಯಲ್ಲಿ ಸೈಕಲ್ ಕ್ಯಾರಿಯರಿಗೆ ಕಟ್ಟಿ ಒಯ್ದ ಕಾರ್ಡುಗಳು ಕಂಪ್ಯೂಟರ್ ಸೆಂಟರ್ ಮುಟ್ಟುವಷ್ಟರಲ್ಲಿ ಹಪ್ಪಳದ ಹಾಗೆ ಡೊಂಕಾಗಿರುತ್ತಿದ್ದವು. ಮೇಷ್ಟ್ರು ಅವನ್ನು ಟೇಬಲ್ ಲ್ಯಾಂಪಿನ ಕೆಳಗೆ, ಮೇಲೊಂದು ಲಾಗರಿದಮ್ ಟೇಬಲ್ಲಿನ ಪುಸ್ತಕ ಹೇರಿ, ಒಣಗಿಸುತ್ತಿದ್ದರು.

ಕಟ್ಟಿನ ನೆತ್ತಿಗೆ ಸ್ಕೆಚ್ ಪೆನ್ನಿನಲ್ಲಿ ಓರೆ ಗೆರೆ ಎಳೆಸಿದವರೂ ಅವರೇ. ಕಾರ್ಡು ಕೈಜಾರಿ ಚೆಲ್ಲಿದರೆ ಗೆರೆ ನೋಡಿ ಜೋಡಿಸಬಹುದು. ಗೆರೆ ಹಾಕದ ಸೋಮಾರಿಗಳಿಗೆ ಕಾರ್ಡಿನ 73ರಿಂದ 80ರವರೆಗಿನ ಕಾಲಮ್ಮಿನಲ್ಲಿ ತೂತು ಹೊಡೆದ ಕ್ರಮಸಂಖ್ಯೆಯೇ ಗತಿ: ಕಾರ್ಡು ವಿಂಗಡಿಸುವ ಸಾರ್ಟರ್ ಯಂತ್ರಕ್ಕೆ ಹಾಕಿ, ಬಿಡಿ ಸ್ಥಾನದಿಂದ ಎಡಕ್ಕೆ, ಕಾಲಮ್ಮಿಗೊಂದರಂತೆ ಎಂಟು ಸುತ್ತು. ಎಡದಿಂದ ಶುರುಮಾಡಿದರೆ ಹಿಂದಿನ ಸುತ್ತಿನ ಶ್ರಮವನ್ನು ಮುಂದಿನ ಸುತ್ತು ಕದಡುತ್ತದೆ.

ಕಿತಾಪತಿಗೂ ಕೊರತೆಯಿರಲಿಲ್ಲ. ನಮ್ಮವನೊಬ್ಬ ಕಾರ್ಡಿಗೆ ತೂತು ಹೊಡೆಯುವ ಕೀಪಂಚ್ ಯಂತ್ರದಲ್ಲಿ, ಒಂದೇ ಕಾಲಮ್ಮಿಗೆ ಹಲವು ತೂತು ಹಾಕುವ ಮಲ್ಟಿಪಂಚ್ ಕೀ ಒತ್ತಿಹಿಡಿದು 80 ಕಾಲಮ್, 12 ಸಾಲು, ಒಟ್ಟು 960 ತೂತಿನ ಜರಡಿ ಕಾರ್ಡು ಮಾಡಿ ಇನ್ನೊಬ್ಬನ ಕಟ್ಟಿನ ನಡುವೆ ಸೇರಿಸಿದ. ಅಷ್ಟು ತೂತಾದ ಕಾರ್ಡಿಗೆ ಬಿಗಿ ಇರುವುದಿಲ್ಲ. ನೂಕಿದ ಕೂಡಲೇ ಒಳಗೇ ಮುದುಡಿ ರೋಲರಿಗೆ ಸುತ್ತಿಕೊಂಡಿತು. ಮೇಷ್ಟ್ರು ಬೈಯಲಿಲ್ಲ. ಆಪರೇಟರ್ ಕೈಯಿಂದ ತೆಳ್ಳನೆಯ ಲೋಹದ ಪಟ್ಟಿ ಇಸಿದು ಅವನಿಗೇ ಕೊಟ್ಟು, ಚೂರುಗಳನ್ನೆಲ್ಲ ಹೊರಗೆಳೆಸಿ, ಕಾರ್ಡು ಪೂರ್ತಿ ಆಗುವವರೆಗೆ ಹಾಳೆಯ ಮೇಲೆ ಜೋಡಿಸಿ ಅಂಟಿಸಲು ಹೇಳಿದರು. ಮೌಂಟನ್ ವ್ಯೂನಲ್ಲೂ ರೀಡರಿನ ಪಕ್ಕ ಅಂಥದೇ ಪಟ್ಟಿ ಕಂಡಿತು. ಜರಡಿ ಕಾರ್ಡಿನ ಆ ಮಹಾಶಯ ನಮ್ಮ ಜೊತೆಗೇ ಇದ್ದ, ಫೋಟೋ ತೆಗೆದುಕೊಂಡ.

ಫೋರ್ಟ್ರಾನ್ ಭಾಷೆಯ ಪ್ರೋಗ್ರಾಮನ್ನು ಮೆಷೀನಿನ ಭಾಷೆಗೆ ತಿರುಗಿಸುವ 1401ರ ಕಂಪೈಲರಿನ ವಿಷಯ ಕೇಳಿದ್ದರೆ ಮೇಷ್ಟ್ರು ಹಿಗ್ಗುತ್ತಿದ್ದರು. ಅದಕ್ಕೆ ಬೇಕಾದ ಮೆಮೊರಿ ಬರೀ 8,000 ಅಕ್ಷರ. ಇಡೀ ಕಂಪೈಲರ್ ಒಮ್ಮೆಗೇ ಅದರಲ್ಲಿ ಹಿಡಿಸದು. ಹಾಗಾಗಿ ನಮ್ಮ ಪ್ರೋಗ್ರಾಮು ಮೆಮೊರಿಯಲ್ಲಿ ಕೂತಿರುತ್ತದೆ, ಕಂಪೈಲರ್ 63 ತುಂಡಾಗಿ ಒಂದರ ಹಿಂದೊಂದು ಬಂದು ತನ್ನ ಪಾಲಿನ ಕೆಲಸ ಮಾಡಿ ಹೋಗುತ್ತದೆ, ಮದುವೆ ಮನೆಯಲ್ಲಿ ಎಲೆಯ ಮುಂದೆ ಬಡಿಸುವವರು ಹಾದುಹೋದಂತೆ. ಈಗಿನ ಲ್ಯಾಬ್ ಮ್ಯಾನ್ಯುಯಲ್ಲಿನಲ್ಲಿ ಪ್ರೋಗ್ರಾಮೂ ಇರುತ್ತದೆ, ಔಟ್‌ಪುಟ್ಟೂ ಇರುತ್ತದೆ, ವೈವಾಕ್ಕೆ ಉತ್ತರವೂ ಇರುತ್ತದೆ. ನಮಗೆ ಕಾರ್ಡು ಕೊಟ್ಟ ಮರುದಿನ ಉತ್ತರ. ಅಲ್ಪವಿರಾಮ ಒಂದು ಬಿಟ್ಟರೆ ಇಡೀ ದಿನ ಹೋಯಿತು, ಆದ್ದರಿಂದ ಕಾಗದದ ಮೇಲೆ ಮೂರು ಸಲ ಓಡಿಸುತ್ತಿದ್ದೆವು. ಇಡೀ ಬ್ಯಾಚಿನಲ್ಲಿ ಮೊದಲ ಸಲಕ್ಕೇ ಓಡಿದ ಪ್ರೋಗ್ರಾಮು ಮೂರೇ. ಅದರಲ್ಲೊಂದು ಯಾರದೆಂದು ನನ್ನ ಸಹಪಾಠಿಗಳಿಗೆ ಗೊತ್ತು.

ಪಿಡಿಪಿ-1 ಎಂಬ ಇನ್ನೊಂದು ಹಳೆಯ ಕಂಪ್ಯೂಟರೂ ಅಲ್ಲಿದೆ. 1962ರಲ್ಲಿ ಅದರ ಮೇಲೆ ಸ್ಪೇಸ್‌ವಾರ್ ಆಟ ಬರೆದ ಸ್ಟೀವ್ ರಸೆಲ್ ಅವರೇ ಅದಕ್ಕೆ ಮತ್ತೆ ಜೀವ ತುಂಬಿದ ತಂಡದಲ್ಲಿದ್ದರು. ನಮ್ಮವರ ಕಾಲು ಮಾತ್ರ ಕೀಪಂಚಿನ ಕಡೆಗೇ ಎಳೆಯಿತು.

ಅಲ್ಲಿ ನಮ್ಮ ನಮ್ಮ ಹೆಸರು ಬಿಟ್ಟು ಮೇಷ್ಟ್ರದೊಂದನ್ನೇ ಪಂಚ್ ಮಾಡಿಸಿದೆವು. ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್. ಎಂಜಿನಿಯರ್ ಕಾರ್ಡನ್ನು ಬೆಳಕಿಗೆ ಹಿಡಿದು ತೋರಿಸಿದರು. ಅಕ್ಷರಕ್ಕೆ ಎರಡೆರಡು ತೂತು. ಇನಿಷಿಯಲ್ಲಿನ ಚುಕ್ಕಿಗೆ ಮಾತ್ರ ಮೂರು, ಸಾಲುಗಳು 12, 3, 8.