ಏಳು ರಾತ್ರಿ, ಆರು ಬಂದರು, ಒಂದು ಹರಿದ ಕೋಷ್ಟಕ

ನಮ್ಮ ಮಧುಚಂದ್ರದ ಮೊದಲ ಜಗಳ ನಡೆದದ್ದು ಹಡಗು ಹತ್ತುವುದಕ್ಕೆ ಒಂದು ತಿಂಗಳ ಮೊದಲು, ನಾನು ಮಾಡಿದ್ದ ಒಂದು ಕೋಷ್ಟಕದ ಮೇಲೆ. ಭಾನುವಾರ ಸ್ಪೇನ್‌ನ ಬಾರ್ಸಿಲೋನಾದಿಂದ ಹೊರಟು ಅದೇ ದೇಶದ ಪಾಲ್ಮಾ, ಫ್ರಾನ್ಸ್‌ನ ಮಾರ್ಸೇ, ಇಟಲಿಯ ಲಾ ಸ್ಪೆಝಿಯಾ, ಚಿವಿತಾವೆಕ್ಕಿಯಾ, ನೇಪಲ್ಸ್ ಮುಟ್ಟಿ, ಶನಿವಾರವನ್ನು ಸಮುದ್ರದಲ್ಲೇ ಕಳೆದು, ಮುಂದಿನ ಭಾನುವಾರ ಮತ್ತೆ ಬಾರ್ಸಿಲೋನಾಕ್ಕೆ ಮರಳುವ ಪ್ರಯಾಣ ಅದು. ಕೋಷ್ಟಕದಲ್ಲಿ ಪ್ರತಿ ಅರ್ಧ ಗಂಟೆಗೂ ಒಂದು ಸಾಲಿತ್ತು. ಇವರು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, "ಇದರಲ್ಲಿ ನಾವಿಬ್ಬರು ಯಾವ ಸಾಲಿನಲ್ಲಿದ್ದೇವೆ?" ಎಂದು ಕೇಳಿದರು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ಬಂದರಿನಲ್ಲಿ ಆ ಕೋಷ್ಟಕವನ್ನು ಹರಿದವಳೂ ನಾನೇ.

ಇಂಥದ್ದೇ ಪ್ರಯಾಣಕ್ಕೆ ಹೊರಡುವವರು ಮೊದಲು ಮಾಡಬೇಕಾದದ್ದು ಒಂದು ಕಳೆಯುವ ಲೆಕ್ಕ. ವೇಳಾಪಟ್ಟಿಯಲ್ಲಿ "ರೋಮ್, ಬೆಳಿಗ್ಗೆ 7ರಿಂದ ಸಂಜೆ 7" ಎಂದು ಬರೆದಿರುತ್ತದೆ. ರೋಮ್‌ನಲ್ಲಿ ಹಡಗು ನಿಲ್ಲುವ ಸಮುದ್ರವೇ ಇಲ್ಲ. ಹಡಗು ನಿಲ್ಲುವುದು ಸುಮಾರು 70 ಕಿಲೋಮೀಟರ್ ಆಚೆಯ ಚಿವಿತಾವೆಕ್ಕಿಯಾದಲ್ಲಿ. ಇಳಿಯಲು ಅನುಮತಿ ಸಿಗುವಾಗ ಏಳೂವರೆ ಆಗಿರುತ್ತದೆ. ಬಂದರಿನೊಳಗೆ ನಡೆದು ಹೋಗುವಂತಿಲ್ಲ, ಬಸ್ಸಿನಲ್ಲಿ ಹೊರಬಾಗಿಲಿಗೆ ಬರಬೇಕು, ಅಲ್ಲಿಂದ ರೈಲು ನಿಲ್ದಾಣಕ್ಕೆ, ಅಲ್ಲಿಂದ ಒಂದು ಗಂಟೆಯ ಆಸುಪಾಸಿನ ರೈಲು ಪ್ರಯಾಣ. ರೋಮ್‌ನ ನೆಲದ ಮೇಲೆ ಕಾಲಿಡುವಾಗ ಒಂಬತ್ತೂಮುಕ್ಕಾಲು. ಸಂಜೆ ಹಡಗು ಹೊರಡುವುದು ಏಳಕ್ಕಾದರೂ ಎಲ್ಲರೂ ಹತ್ತಿರಬೇಕಾದ ಸಮಯ ಅದಕ್ಕಿಂತ ಅರ್ಧ ಗಂಟೆ, ಕೆಲವು ಕಡೆ ಒಂದು ಗಂಟೆ ಮೊದಲು. ರೈಲು ತಡವಾದರೆ ಎಂದು ಒಂದೂವರೆ ಗಂಟೆ ಕೈಯಲ್ಲಿಟ್ಟುಕೊಂಡರೆ ಮೂರು ಗಂಟೆಗೆ ರೋಮ್ ಬಿಡಬೇಕು. ಹನ್ನೆರಡು ಗಂಟೆ ಎಂದು ಕಂಡದ್ದು ಐದು ಗಂಟೆಗೆ ಇಳಿಯಿತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎನ್ನುವುದು ಬಂದರುಗಳ ಮಟ್ಟಿಗೆ ಅಕ್ಷರಶಃ ನಿಜ.

ಈ ಲೆಕ್ಕ ಹಾಕಿದ ಮೇಲೆ ಬಂದರುಗಳು ತಾವಾಗಿಯೇ ಎರಡು ಜಾತಿಯಾಗುತ್ತವೆ. ಇಳಿದರೆ ಊರೇ ಎದುರಿಗಿರುವವು ಒಂದು; ಊರು ಇನ್ನೆಲ್ಲೋ ಇದ್ದು ಹೆಸರು ಮಾತ್ರ ವೇಳಾಪಟ್ಟಿಯಲ್ಲಿರುವವು ಇನ್ನೊಂದು. ನೇಪಲ್ಸ್ ಮೊದಲನೆಯದು, ಹಡಗಿನಿಂದ ಇಳಿದು ರಸ್ತೆ ದಾಟಿದರೆ ಕಾಸ್ಟೆಲ್ ನುವೊವೊ ಕೋಟೆ. ವೇಳಾಪಟ್ಟಿಯಲ್ಲಿ ಫ್ಲಾರೆನ್ಸ್ ಎಂದಿದ್ದರೆ ಅದು ಲಿವೊರ್ನೊ ಅಥವಾ ಲಾ ಸ್ಪೆಝಿಯಾ. ವೆನಿಸ್ ಎಂದಿದ್ದರಂತೂ ಎರಡು ಸಲ ನೋಡಿ: 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ಸಾನ್ ಮಾರ್ಕೊ ಚೌಕದ ಮುಂದೆ ಹಾದುಹೋಗುವಂತಿಲ್ಲ. ಹಲವು ಹಡಗುಗಳು ರಾವೆನ್ನಾ ಅಥವಾ ತ್ರಿಯೆಸ್ತೆಯಲ್ಲಿ ನಿಂತು ಪ್ರಯಾಣಿಕರನ್ನು ಬಸ್ಸಿಗೆ ಹತ್ತಿಸುತ್ತವೆ.

ದೂರದ ಬಂದರುಗಳಲ್ಲಿ ಹಡಗಿನವರೇ ಏರ್ಪಡಿಸುವ ಪ್ರವಾಸ ದುಬಾರಿಯಾದರೂ ಒಂದು ಭರವಸೆ ಇದೆ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದು. ಸ್ವಂತವಾಗಿ ಹೋದರೆ ಆ ಹೊಣೆ ನಿಮ್ಮದು. ಹತ್ತಿರದ ಬಂದರಿನಲ್ಲಿ ಆ ಹಣ ವ್ಯರ್ಥ. ಚಿವಿತಾವೆಕ್ಕಿಯಾ ನಡುವಿನದು, ರೈಲಿನ ಅಭ್ಯಾಸವಿರುವವರು ಧೈರ್ಯವಾಗಿ ಸ್ವಂತವಾಗಿ ಹೋಗಬಹುದು. ಆದರೆ ಆ ವಾರ ಇಟಲಿಯಲ್ಲಿ ರೈಲು ಮುಷ್ಕರವಿದೆಯೇ ಎಂದು ಮೊದಲೇ ನೋಡಿ. ಮುಷ್ಕರಗಳನ್ನು ಮುಂಚಿತವಾಗಿಯೇ ಘೋಷಿಸುತ್ತಾರೆ, ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9 ಖಾತರಿಯ ರೈಲುಗಳಿರುತ್ತವೆ. ಆದರೆ ಹಡಗಿನ ಪ್ರಯಾಣಿಕರಿಗೆ ಬೇಕಾಗುವ ಮಧ್ಯಾಹ್ನದ ಹೊತ್ತು ಆ ಖಾತರಿಯ ಹೊರಗೇ ಉಳಿಯುತ್ತದೆ.

ವೀಸಾದ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕಾದವರು ಹಲವು ಬಾರಿ ಪ್ರವೇಶಿಸಬಹುದಾದ ವೀಸಾವನ್ನೇ ಕೇಳಿ. ಮಾಂಟೆನೆಗ್ರೊದ ಕೋಟರ್, ಟರ್ಕಿಯ ಕುಶಾದಸಿ, ಟುನೀಶಿಯಾದ ಲಾ ಗೂಲೆಟ್ ಷೆಂಗೆನ್‌ನ ಹೊರಗಿವೆ. ಒಂದೇ ಪ್ರವೇಶದ ವೀಸಾ ಇದ್ದರೆ ಅಲ್ಲಿಗೆ ಹೋದ ಮೇಲೆ ಮರಳಿ ಒಳಗೆ ಬರಲಾಗದು. ಆ ದೇಶಗಳ ನಿಯಮವನ್ನೂ ಬೇರೆಯಾಗಿಯೇ ನೋಡಬೇಕು. ಕ್ರೊಯೇಷಿಯಾ 2023ರ ಜನವರಿಯಿಂದ ಒಳಗಿದೆ. ಹೆಚ್ಚು ದಿನ ಕಳೆಯುವ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ನಾವು ಹಡಗಿಗೆ ಎರಡು ದಿನ ಮೊದಲೇ ಬಾರ್ಸಿಲೋನಾ ತಲುಪಿದ್ದರಿಂದ ಸ್ಪೇನ್‌ನ ದಿನಗಳೇ ಹೆಚ್ಚಾಗಿ, ಗೊಂದಲ ತಪ್ಪಿತು. ಬೇಗ ತಲುಪುವುದಕ್ಕೆ ಅದಕ್ಕಿಂತ ದೊಡ್ಡ ಕಾರಣವೂ ಇದೆ: ವಿಮಾನ ತಡವಾಯಿತೆಂದು ಹಡಗು ನಿಲ್ಲುವುದಿಲ್ಲ. ಜೊತೆಗೆ, ಸಗ್ರಾದಾ ಫಮೀಲಿಯಾ ಚರ್ಚನ್ನು ಗಡಿಯಾರ ನೋಡದೆ ನೋಡಬಹುದು. 1882ರಲ್ಲಿ ಆರಂಭವಾದ ಆ ಕಟ್ಟಡಕ್ಕೆ ನಾವು ಅರ್ಧ ದಿನ ಕೊಟ್ಟೆವು, ಸಂಜೆಯ ಬಿಸಿಲು ಪಶ್ಚಿಮದ ಗಾಜುಗಳಲ್ಲಿ ಕೆಂಪಾಗುವವರೆಗೂ. ಸಮಯ ನಮೂದಿಸಿದ ಟಿಕೆಟ್ ಮೊದಲೇ ಕೊಂಡಿರಬೇಕು.

ಪಾಲ್ಮಾದಲ್ಲಿ ಕೋಷ್ಟಕ ನಡೆಯಿತು. ಲಾ ಸೆಯು ಕತೀಡ್ರಲ್, ಹಳೆಯ ಬೀದಿಗಳು, ಒಂದು ಐಸ್‌ಕ್ರೀಂ. ಇನ್ನೊಮ್ಮೆ ಹೋದರೆ ನಗರವನ್ನು ಬಿಟ್ಟು 1912ರಿಂದ ಓಡುತ್ತಿರುವ ಮರದ ಬೋಗಿಗಳ ರೈಲಿನಲ್ಲಿ ಸೋಯೆರ್‌ಗೆ ಹೋಗುತ್ತೇನೆ.

ಮಾರ್ಸೇಯಲ್ಲಿ ನಾನು ಸೋತೆ. ಹಡಗುಕಟ್ಟೆಯಿಂದ ಹಳೆಯ ಬಂದರು ಎಂಟು ಕಿಲೋಮೀಟರ್‌ನಷ್ಟು ದೂರ. ಬಸ್ಸಿನ ಸಾಲಿನಲ್ಲಿ ನಿಂತು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಬೆಟ್ಟದ ಮೇಲಿನ ನೋತ್ರ್ ದಾಮ್ ದ ಲಾ ಗಾರ್ದ್ ಚರ್ಚಿಗೆ ಹತ್ತಿ, ಇಳಿದು, ಹಳೆಯ ಬಡಾವಣೆ ಲ ಪಾನಿಯೆಯ ಗಲ್ಲಿಗಳನ್ನು ಓಡುತ್ತ ದಾಟಿ, ಸಮುದ್ರದಂಡೆಯ ವಸ್ತುಸಂಗ್ರಹಾಲಯ ಮ್ಯೂಸೆಮ್‌ನ ಜಾಲರಿ ಗೋಡೆಯ ಕೆಳಗೆ ನಿಂತಾಗ ಮಧ್ಯಾಹ್ನ ಎರಡು. ಅಷ್ಟು ಹೊತ್ತಿನಲ್ಲಿ ನಾವಾಡಿದ ಮಾತೆಲ್ಲ "ಬೇಗ", "ಇತ್ತ", "ನೀರಿದೆಯಾ". ಆ ಬೆಟ್ಟದ ಮೇಲಿನ ಫೋಟೋದಲ್ಲಿ ಇಬ್ಬರೂ ಗಡಿಯಾರ ನೋಡುತ್ತಿದ್ದೇವೆ.

ಆ ರಾತ್ರಿ ಕ್ಯಾಬಿನ್ ಬಾಗಿಲಿನಡಿಯಿಂದ ಒಂದು ಚೀಟಿ ಬಂತು: ಬಂದರಿನ ಜಾಗದ ಹೊಂದಾಣಿಕೆಗಾಗಿ ಚಿವಿತಾವೆಕ್ಕಿಯಾ ಮತ್ತು ನೇಪಲ್ಸ್ ಅದಲುಬದಲಾಗಿವೆ. ನನ್ನ ಕೈಯಲ್ಲಿ ಗುರುವಾರದ ವ್ಯಾಟಿಕನ್ ಮ್ಯೂಸಿಯಂ ಟಿಕೆಟ್‌ಗಳಿದ್ದವು, ಹಣ ಮರಳಿ ಬಾರದಂಥವು. ಸಿಟ್ಟಿನಲ್ಲಿ ಕರಾರುಪತ್ರ ತೆಗೆದು ಓದಿದರೆ, ಬಂದರಿನ ಕ್ರಮ ಬದಲಿಸುವ, ಬಂದರನ್ನೇ ಬಿಟ್ಟುಬಿಡುವ ಹಕ್ಕು ಹಡಗಿನವರಿಗಿದೆ ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಬಹುಪಾಲು ಕರಾರುಗಳಲ್ಲಿ ಇದು ಇರುತ್ತದೆ. ಆದ್ದರಿಂದ ಬಂದರಿನ ದಿನಕ್ಕೆ ಕೊಳ್ಳುವ ಟಿಕೆಟ್ ರದ್ದು ಮಾಡಲು ಸಾಧ್ಯವಿರುವಂಥದ್ದಾಗಿರಲಿ. ಇಲ್ಲದಿದ್ದರೆ, ಹೋದರೆ ಹೋಯಿತು ಎನ್ನುವಷ್ಟು ಅಗ್ಗದ್ದಾಗಿರಲಿ.

ಮರುದಿನ ಲಾ ಸ್ಪೆಝಿಯಾ. ಕೋಷ್ಟಕದ ಪ್ರಕಾರ ಅಂದು ಪೀಸಾ ಮತ್ತು ಫ್ಲಾರೆನ್ಸ್ ಎರಡೂ ಆಗಬೇಕಿತ್ತು. ರೈಲಿನಲ್ಲಿ ಪೀಸಾಗೆ ಒಂದು ಗಂಟೆ, ಫ್ಲಾರೆನ್ಸ್‌ಗೆ ಎರಡು ಗಂಟೆಗೂ ಮಿಕ್ಕು. ಬೆಳಗಿನ ಕಾಫಿಯ ಹೊತ್ತಿಗೆ ನಾನೇ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹರಿದೆ. ಇವರು ಏನೂ ಅನ್ನಲಿಲ್ಲ, ಇನ್ನೊಂದು ಕಾಫಿ ತಂದುಕೊಟ್ಟರು.

ಬಂದರಿನ ಬಾಗಿಲಿನಿಂದ ರೈಲು ನಿಲ್ದಾಣಕ್ಕೆ ಅರ್ಧ ಗಂಟೆಯ ನಡಿಗೆ. ಅಲ್ಲಿಂದ ಚಿಂಕ್ವೆ ತೆರ್ರೆಯ ಐದು ಹಳ್ಳಿಗಳಿಗೆ ರೈಲು. ಮೊದಲನೆಯ ರಿಯೋಮಜ್ಜೋರೆ ಹತ್ತು ನಿಮಿಷದೊಳಗೇ ಬರುತ್ತದೆ. ಐದನ್ನೂ ಒಂದೇ ದಿನದಲ್ಲಿ "ಮುಗಿಸಲು" ದಿನದ ಕಾರ್ಡ್ ಸಿಗುತ್ತದೆ. ಐದು ಸಲ ಇಳಿದು ಹತ್ತಿ ಮುಗಿಸುವವರನ್ನು ಆ ದಿನ ಪ್ಲಾಟ್‌ಫಾರ್ಮ್‌ಗಳಲ್ಲಿ ಕಂಡೆ. ಹಿಂದಿನ ದಿನದ ನನ್ನ ಮುಖವೇ ಅವರಿಗಿತ್ತು. ನಾವು ನಾಲ್ಕನೆಯ ಹಳ್ಳಿ ವೆರ್ನಾತ್ಸಾದಲ್ಲಿ ಇಳಿದವರು ಮತ್ತೆಲ್ಲೂ ಹೋಗಲಿಲ್ಲ. ಒಂದೇ ಮುಖ್ಯ ಬೀದಿ, ಅದು ಕೊನೆಗೊಳ್ಳುವಲ್ಲಿ ಪುಟ್ಟ ದೋಣಿಕಟ್ಟೆ, ನೀರಿಗೆ ಬೆನ್ನು ಕೊಟ್ಟ ಚರ್ಚು. 2011ರ ಅಕ್ಟೋಬರ್‌ನ ಪ್ರವಾಹದಲ್ಲಿ ಈ ಬೀದಿ ಕೆಸರಿನಲ್ಲಿ ಹೂತುಹೋಗಿತ್ತು ಎಂದು ಈಗ ನಂಬುವುದು ಕಷ್ಟ. ಅಲೆ ತಡೆಯುವ ಬಂಡೆಗಳ ಮೇಲೆ ಮೂರು ಗಂಟೆ ಕುಳಿತೆವು. ಸೆಪ್ಟೆಂಬರ್ ಆದ್ದರಿಂದ ನೀರು ಇನ್ನೂ ಬೆಚ್ಚಗಿತ್ತು. ಈಜಿನ ಬಟ್ಟೆ ತಂದಿರಲಿಲ್ಲ, ಏಕೆಂದರೆ ಕೋಷ್ಟಕದಲ್ಲಿ ಈಜು ಇರಲಿಲ್ಲ! ಪ್ಯಾಂಟು ಮಡಚಿ ಮೊಣಕಾಲಿನವರೆಗೆ ಇಳಿದದ್ದೇ ಬಂತು. ನೀವು ತೆಗೆದುಕೊಂಡು ಹೋಗಿ. ಮರಳಿನ ತೀರವೇ ಬೇಕೆಂದರೆ ಮುಂದಿನ ಮೊಂತೆರೊಸ್ಸೊಗೆ ಹೋಗಿ. ಕೊರ್ನಿಲ್ಯಾದಲ್ಲಿ ಇಳಿಯುವವರಿಗೆ ಮಾತ್ರ ಒಂದು ಎಚ್ಚರಿಕೆ: ನಿಲ್ದಾಣದಿಂದ ಹಳ್ಳಿಗೆ ಮುನ್ನೂರ ಎಪ್ಪತ್ತಕ್ಕೂ ಹೆಚ್ಚು ಮೆಟ್ಟಿಲುಗಳಿವೆ.

ನೇಪಲ್ಸ್‌ನಲ್ಲಿ ಎಲ್ಲರೂ ಪಾಂಪೆಗೆ ಹೋಗುತ್ತಾರೆ. ನಾವು ಅದೇ ರೈಲಿನಲ್ಲಿ ಅರ್ಧ ದಾರಿಗೇ ಇಳಿದು ಹರ್ಕ್ಯುಲೇನಿಯಂಗೆ ಹೋದೆವು, ಗ್ಯಾರಿಬಾಲ್ಡಿ ನಿಲ್ದಾಣದಿಂದ ಎರ್ಕೋಲಾನೊ ಸ್ಕಾವಿಗೆ ಸುಮಾರು ಇಪ್ಪತ್ತು ನಿಮಿಷ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸ್ಫೋಟಿಸಿದಾಗ ಪಾಂಪೆಯ ಮೇಲೆ ಬೂದಿ ಮತ್ತು ಹಗುರ ಕಲ್ಲುಗಳು ಸುರಿದು ಛಾವಣಿಗಳು ಕುಸಿದವು. ಹರ್ಕ್ಯುಲೇನಿಯಂ ಅನ್ನು ಬಿಸಿ ಅನಿಲ ಮತ್ತು ಬೂದಿಯ ಪ್ರವಾಹ ಸುಮಾರು ಇಪ್ಪತ್ತು ಮೀಟರ್ ಆಳಕ್ಕೆ ಮುಚ್ಚಿತು. ಆದ್ದರಿಂದ ಇಲ್ಲಿ ಮರವೂ ಉಳಿದಿದೆ, ಇದ್ದಿಲಾಗಿ. ಒಂದು ಮನೆಯ ಮರದ ಮಡಚು ಬಾಗಿಲು, ತೊಲೆಗಳು, ಎರಡನೆಯ ಅಂತಸ್ತು ಎಲ್ಲವೂ. ಪಾಂಪೆ ವಿಶಾಲ, ನೆರಳು ಕಡಿಮೆ, ಅರ್ಧ ದಿನಕ್ಕೆ ಬಗ್ಗದು. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿಯೂ, ಹೆಸರು ನಮೂದಿಸಿದ ಟಿಕೆಟ್ಟೂ ಬಂದಿವೆ. ಹರ್ಕ್ಯುಲೇನಿಯಂ ಎರಡೂವರೆ ಗಂಟೆಯಲ್ಲಿ ತೃಪ್ತಿಯಾಗುವಷ್ಟು ಚಿಕ್ಕದು. ಉಳಿದ ಹೊತ್ತನ್ನು ನಾವು ಮಾರ್ಗರೀಟಾ ಪಿಜ್ಜಾಕ್ಕೆ ಕೊಟ್ಟೆವು. ಕಡಲ ಹಳೆಯ ದಂಡೆಯಲ್ಲಿದ್ದ ದೋಣಿಮನೆಗಳಲ್ಲಿ ಸುಮಾರು ಮುನ್ನೂರು ಜನರ ಅಸ್ಥಿಗಳು ಸಿಕ್ಕಿವೆ. ಅದು ಮಧುಚಂದ್ರಕ್ಕೆ ತಕ್ಕ ನೋಟವೇ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಮರಳುವಾಗ ರೈಲಿನಲ್ಲಿ ಇವರ ಕೈ ಬಿಡಲಿಲ್ಲ. ಜನಜಂಗುಳಿಯಲ್ಲಿ ಇನ್ನೊಂದು ಕೈ ಮಾತ್ರ ಚೀಲದ ಮೇಲೇ ಇರಲಿ.

ಶುಕ್ರವಾರ ರೋಮ್. ವ್ಯಾಟಿಕನ್ ಮ್ಯೂಸಿಯಂ ತಪ್ಪಿತ್ತಲ್ಲ, ಆ ದಿನ ಒಂದೇ ಒಂದು ನಡಿಗೆ ಮಾಡಿದೆವು. ರೋಮಾ ಸಾನ್ ಪಿಯೆತ್ರೊ ನಿಲ್ದಾಣದಲ್ಲಿ ಇಳಿದರೆ ಸಂತ ಪೀಟರ್ ಚೌಕಕ್ಕೆ ಹತ್ತೇ ನಿಮಿಷ. ಬಹಳ ಜನ ಗೊತ್ತಿಲ್ಲದೆ ಕೊನೆಯ ತೆರ್ಮಿನಿಯವರೆಗೆ ಹೋಗಿ ಹಿಂದೆ ಬರುತ್ತಾರೆ. ಅಲ್ಲಿಂದ ದೇವದೂತರ ಸೇತುವೆ, ನವೋನಾ ಚೌಕ, ಪ್ಯಾಂಥಿಯನ್, ಟ್ರೆವಿ ಕಾರಂಜಿ. ಎಲ್ಲ ಸೇರಿ ಮೂರು ಕಿಲೋಮೀಟರ್ ಚಿಲ್ಲರೆ. ಪ್ಯಾಂಥಿಯನ್ ಒಳಗೆ ಗುಮ್ಮಟದ ತೆರೆದ ಕಣ್ಣಿನಿಂದ ಬಿದ್ದ ಬಿಸಿಲಿನ ಬಿಲ್ಲೆ ಗೋಡೆಯ ಮೇಲೆ ಸರಿಯುವುದನ್ನು ನೋಡುತ್ತ ಅರ್ಧ ಗಂಟೆ ನಿಂತೆವು. ನಿಮ್ಮ ದಿನ ಬುಧವಾರವಾದರೆ ಪೋಪ್ ದರ್ಶನದಿಂದಾಗಿ ಬೆಳಿಗ್ಗೆ ಸಂತ ಪೀಟರ್ ಬೆಸಿಲಿಕಾ ಚರ್ಚಿಗೆ ಪ್ರವೇಶ ಸಿಗದಿರಬಹುದು. ಭಾನುವಾರವಾದರೆ, ತಿಂಗಳ ಕೊನೆಯದನ್ನು ಬಿಟ್ಟು, ಮ್ಯೂಸಿಯಂ ಮುಚ್ಚಿರುತ್ತದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇಬ್ಬರಿಗೂ ಬೇಕು. ಕಾಗದದ ರೈಲು ಟಿಕೆಟ್ ಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿ.

ಆ ಸಂಜೆ ಬಾಲ್ಕನಿಯಲ್ಲಿ ಕುಳಿತಿದ್ದಾಗ ಕೆಳಗೆ ಕಟ್ಟೆಯ ಮೇಲೆ ಒಂದು ಜೋಡಿ ಓಡುತ್ತಿತ್ತು, ಅವಳ ಕೈಯಲ್ಲಿ ಚಪ್ಪಲಿ, ಅವನ ಕೈಯಲ್ಲಿ ಎರಡು ಚೀಲ. ಮೇಲಿನ ಎಲ್ಲ ಬಾಲ್ಕನಿಗಳಿಂದ ಚಪ್ಪಾಳೆ. ಅವರು ಹತ್ತಿದರು, ಏಣಿದಾರಿ ಎಳೆಯುವ ಮೊದಲು. ಹಡಗು ತಪ್ಪಿಸಿಕೊಂಡವರ ಪಾಸ್‌ಪೋರ್ಟನ್ನು ಕ್ಯಾಬಿನ್ ತಿಜೋರಿಯಿಂದ ತೆಗೆದು ಬಂದರಿನ ಪ್ರತಿನಿಧಿಗೆ ಒಪ್ಪಿಸಿ ಹಡಗು ಹೊರಟುಬಿಡುವುದು ರೂಢಿ. ಆ ಪ್ರತಿನಿಧಿಯ ದೂರವಾಣಿ ಸಂಖ್ಯೆ ದಿನದ ಮಾಹಿತಿಪತ್ರದಲ್ಲಿರುತ್ತದೆ. ಇಳಿಯುವ ಮೊದಲು ಅದರ ಫೋಟೋ ತೆಗೆದುಕೊಳ್ಳಿ, ಪಾಸ್‌ಪೋರ್ಟಿನ ನಕಲು ಜೊತೆಗಿರಲಿ. ಹಡಗಿನ ಗಡಿಯಾರಕ್ಕೂ ದಂಡೆಯ ಗಡಿಯಾರಕ್ಕೂ ಕೆಲವೊಮ್ಮೆ ಒಂದು ಗಂಟೆಯ ಅಂತರ ಇರುತ್ತದೆ, ಇಟಲಿಯಿಂದ ಗ್ರೀಸ್‌ಗೆ ಹೋಗುವವರಿಗೆ ಮುಖ್ಯವಾಗಿ. ಮೊಬೈಲ್ ತಾನಾಗಿಯೇ ಬದಲಾಗುತ್ತದೆ, ಹಡಗು ಬದಲಾಗದಿರಬಹುದು. ಹಡಗಿನ ಸಮಯಕ್ಕೆ ಹೊಂದಿಸಿದ ಮುಳ್ಳಿನ ಗಡಿಯಾರ ಕಟ್ಟಿಕೊಳ್ಳಿ. ಸಮುದ್ರದ ಮಧ್ಯೆ ಮೊಬೈಲನ್ನು ಏರ್‌ಪ್ಲೇನ್ ಮೋಡ್‌ನಲ್ಲಿಡಿ, ಹಡಗಿನ ಜಾಲಕ್ಕೆ ತಾನಾಗಿ ಸೇರಿಕೊಂಡರೆ ಬಿಲ್ಲು ಕಣ್ಣು ಬಿಡಿಸುತ್ತದೆ.

ಗ್ರೀಸ್‌ನ ದಾರಿ ಆಯ್ದುಕೊಂಡವರಿಗೆ ಎರಡು ಮಾತು. ಸಾಂಟೊರಿನಿಯಲ್ಲಿ ದೊಡ್ಡ ಹಡಗು ಕಟ್ಟೆಗೆ ಬರುವುದಿಲ್ಲ, ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ಮೇಲಿನ ಫಿರಾ ಊರಿಗೆ ಕೇಬಲ್ ಕಾರು, ಇಲ್ಲವೇ ಕತ್ತೆಗಳು ಓಡಾಡುವ 588 ಮೆಟ್ಟಿಲು. ಸಂಜೆ ಇಳಿಯುವ ಸಾಲು ಬಹಳ ಉದ್ದ. ಸೂರ್ಯಾಸ್ತದ ಆಸೆಗೆ ಬೀಳುವ ಮೊದಲು ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿಕೊಳ್ಳಿ. ಬೇಸಿಗೆಯ ಮೆಲ್ತೆಮಿ ಗಾಳಿ ಜೋರಾದರೆ ದೋಣಿಯೇ ಇಳಿಯದಿರಬಹುದು.

ಶನಿವಾರ ಪೂರ್ತಿ ಸಮುದ್ರ. ಏನೂ ಮಾಡಲಿಲ್ಲ, ಹತ್ತು ಗಂಟೆಗೆ ಎದ್ದೆವು. ಒಂದು ವೇಳೆ ನಿಮ್ಮ ವೇಳಾಪಟ್ಟಿಯಲ್ಲಿ ಇಂಥ ದಿನ ಇಲ್ಲದಿದ್ದರೆ ಯಾವುದಾದರೂ ಒಂದು ಬಂದರಿನಲ್ಲಿ ಇಳಿಯಲೇಬೇಡಿ. ಎಲ್ಲರೂ ಊರಿಗೆ ಹೋದ ಮೇಲೆ ಈಜುಕೊಳವೂ ಮೇಲಿನ ಡೆಕ್ಕೂ ನಿಮ್ಮವೇ. ನಾವು ಮಾರ್ಸೇಯಲ್ಲಿ ಹಾಗೆ ಮಾಡಬೇಕಿತ್ತು.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕ್ಯಾಬಿನ್ ಹೊರಗಿಡಬೇಕು, ಅವು ಬೆಳಿಗ್ಗೆ ದಂಡೆಯಲ್ಲೇ ಸಿಗುತ್ತವೆ. ಮರುದಿನದ ವಿಮಾನವನ್ನು ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಹಾಕಿಕೊಳ್ಳುವುದನ್ನೆಲ್ಲ ಕೈಚೀಲದಲ್ಲಿ ಇಟ್ಟುಕೊಂಡಿದ್ದೀರಾ ಎಂದು ಮಲಗುವ ಮೊದಲು ಎಣಿಸಿ. ಇವರು ಬಟ್ಟೆ ಎಣಿಸಿದರು, ಶೂ ಮರೆತರು. ಬಾರ್ಸಿಲೋನಾದ ಕಟ್ಟೆಗೆ ಇಳಿದದ್ದು ಕ್ಯಾಬಿನ್‌ನಲ್ಲಿ ಕೊಟ್ಟಿದ್ದ ಬಿಳಿಯ ಬಟ್ಟೆ ಚಪ್ಪಲಿಯಲ್ಲಿ.